ಕಡಿದ ಕಾಡಿನ ಹೊಸ ಒಕ್ಕಲು

ಪೋಲೆಂಡ್ ಮತ್ತು ಬೆಲಾರೂಸ್ ದೇಶಗಳ ಗಡಿಯಲ್ಲಿ ಬಿಯಾವೊವಿಯೆಜಾ ಎಂಬ ಕಾಡಿದೆ. ಒಂದು ಕಾಲಕ್ಕೆ ಯುರೋಪಿನ ಬಯಲನ್ನೆಲ್ಲ ಮುಚ್ಚಿದ್ದ ಆದಿಮ ಅರಣ್ಯದಲ್ಲಿ ಅಳಿದುಳಿದ ದೊಡ್ಡ ತುಂಡು ಇದು. ಯುರೋಪಿನ ಬೈಸನ್‌ಗಳಿಗೆ ಹೆಸರಾದ ಈ ಕಾಡಿಗೆ 1979ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಮನ್ನಣೆಯಿದೆ. 2016ರ ಮಾರ್ಚಿನಲ್ಲಿ ಪೋಲೆಂಡಿನ ಪರಿಸರ ಸಚಿವರು ಇಲ್ಲಿನ ಒಂದು ಅರಣ್ಯ ವಿಭಾಗದ ಮರ ಕಡಿತದ ಮಿತಿಯನ್ನು ಸುಮಾರು ಮೂರು ಪಟ್ಟು ಏರಿಸಿದರು. ಹತ್ತು ವರ್ಷದ ಯೋಜನೆಗೆ 63,000 ಘನ ಮೀಟರಿನಷ್ಟಿದ್ದ ಮಿತಿ 1,88,000 ಘನ ಮೀಟರಿಗೆ ಹೋಯಿತು. ಸ್ಪ್ರೂಸ್ ಮರಗಳಿಗೆ ತೊಗಟೆ ಕೊರೆಯುವ ಜೀರುಂಡೆಯ ಕಾಟ ಹೆಚ್ಚಿದೆ, ಕಡಿಯದೆ ವಿಧಿಯಿಲ್ಲ ಎಂಬುದು ಅವರು ಕೊಟ್ಟ ಕಾರಣ. ವಿಷಯ ಐರೋಪ್ಯ ನ್ಯಾಯಾಲಯದ ಮೆಟ್ಟಿಲೇರಿತು. ಕಡಿತ ನಿಲ್ಲಿಸದಿದ್ದರೆ ದಿನಕ್ಕೆ ಕನಿಷ್ಠ ಒಂದು ಲಕ್ಷ ಯೂರೊ ದಂಡ ಎಂದು ನ್ಯಾಯಾಲಯ 2017ರ ನವೆಂಬರಿನಲ್ಲಿ ಎಚ್ಚರಿಸಿತು. 2018ರ ಏಪ್ರಿಲ್ 17ರಂದು, ಪೋಲೆಂಡ್ ಸರ್ಕಾರ ಕಾನೂನು ಮೀರಿದೆ ಎಂದು ತೀರ್ಪು ಕೊಟ್ಟಿತು.

ಕಡಿತಕ್ಕೆ ಒಪ್ಪಿಗೆ ಕೊಟ್ಟ ಸಚಿವರ ಹೆಸರು ಯಾನ್ ಷಿಷ್ಕೊ. ಅವರು ಬರೀ ರಾಜಕಾರಣಿ ಆಗಿರಲಿಲ್ಲ. ವಾರ್ಸಾದ ಜೀವವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ಕಾಡಿನ ನೆಲದ ಮೇಲೆ ಓಡಾಡುವ ಜೀರುಂಡೆಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ಒಂದು ಕಾಡು ಎಷ್ಟು ಕೆಟ್ಟಿದೆ, ಎಷ್ಟು ಚೇತರಿಸಿಕೊಂಡಿದೆ ಎಂದು ಈ ಜೀರುಂಡೆಗಳ ತೂಕದಿಂದಲೇ ಅಳೆಯುವ ವಿಧಾನವೊಂದನ್ನು ರೂಪಿಸಿಕೊಟ್ಟವರು. ಅವರು 2019ರಲ್ಲಿ ತೀರಿಕೊಂಡರು. ಬಿಯಾವೊವಿಯೆಜಾದ ತಂಟೆ ಅವರ ಹೆಸರಿಗೆ ಅಂಟಿಕೊಂಡೇ ಉಳಿಯಿತು. ಆದರೆ ಅವರು ಕೊಟ್ಟ ಅಳತೆಗೋಲು ಯುರೋಪಿನ ಹಲವು ಕಾಡುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಮರ ಕಡಿಯುವುದು, ನೆಡುವುದು, ಸವರುವುದು ಎಲ್ಲವೂ ಕಾಡಿನ ನೆಲವನ್ನು ಹೇಗೆ ಬದಲಿಸುತ್ತವೆ ಎಂಬ ಪ್ರಶ್ನೆಗೆ ಆ ಅಳತೆಗೋಲು ಹೇಳುವ ಉತ್ತರ ಕುತೂಹಲಕರವಾಗಿದೆ.

ತರಗೆಲೆಯ ಕೆಳಗಿನ ಬೇಟೆಗಾರ

ನೆಲಜೀರುಂಡೆಗಳು ಕ್ಯಾರಾಬಿಡೆ ಎಂಬ ದೊಡ್ಡ ಕುಟುಂಬಕ್ಕೆ ಸೇರಿದವು. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಪ್ರಭೇದಗಳೇ ಸುಮಾರು 40,000. ಹೆಚ್ಚಿನವು ಕಪ್ಪು ಅಥವಾ ಕಂದು. ಕೆಲವಕ್ಕೆ ಮಾತ್ರ ನೀಲಿ, ಹಸಿರು, ತಾಮ್ರದ ಹೊಳಪು. ಹಗಲಿಡೀ ಕಲ್ಲು, ಕೊಳೆತ ಮರ, ತರಗೆಲೆಯ ಅಡಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹೊರಬೀಳುವುದು ಬಹುಪಾಲಿನ ರೂಢಿ. ಉದ್ದ ಕಾಲು, ಚುರುಕಿನ ಓಟ, ಕುಡುಗೋಲಿನಂತೆ ಬಾಗಿದ ದವಡೆ. ದೊಡ್ಡ ಜೀರುಂಡೆ ಬೇಟೆಯನ್ನು ಕಚ್ಚಿ ಹಿಡಿದು, ಜೀರ್ಣರಸವನ್ನು ಅದರ ಮೇಲೆಯೇ ಉಗುಳಿ, ಕರಗಿದ ಮಾಂಸವನ್ನು ಹೀರುತ್ತದೆ. ಮರಿಹುಳುಗಳೂ ಬೇಟೆಗಾರರೇ. ಆದರೆ ಅವು ಮಣ್ಣಿನಲ್ಲೇ ಬೆಳೆಯುತ್ತವೆ, ಮೈ ಮೆತ್ತಗಿರುತ್ತದೆ, ತೇವ ಆರಿದರೆ ಸಾಯುತ್ತವೆ. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕತೆಯೆಲ್ಲ ಅದರ ಸುತ್ತಲೇ ಇದೆ.

ಒಂದೊಂದರ ಹೊಟ್ಟೆಪಾಡು ಒಂದೊಂದು ಬಗೆ, ಅದಕ್ಕೆ ತಕ್ಕಂತೆ ಮೈಕಟ್ಟು. ಸೈಕ್ರಸ್ ಕ್ಯಾರಾಬಾಯ್ಡಿಸ್ ಎಂಬ ಯುರೋಪಿನ ಜೀರುಂಡೆಯ ತಲೆ ತೀರ ಕಿರಿದು, ನೀಳ. ಬಸವನಹುಳುವಿನ ಚಿಪ್ಪಿನ ಬಾಯಿಯೊಳಗೆ ತಲೆ ತೂರಿಸಿ ಒಳಗಿನ ಜೀವವನ್ನು ತಿನ್ನಲು ಅದು ಅನುಕೂಲ. ಅದನ್ನು ಕೈಯಲ್ಲಿ ಹಿಡಿದರೆ ಕಿರ್ರೆಂದು ಸದ್ದು ಮಾಡುತ್ತದೆ. ನೋಟಿಯೋಫಿಲಸ್ ಎಂಬುದು ಬರೀ 5 ಮಿಲಿಮೀಟರಿನ ಪುಟ್ಟ ಜೀವಿ. ತಲೆಯ ತುಂಬ ಕಣ್ಣು. ಛಂಗನೆ ನೆಗೆದು ಪಾರಾಗುವ ಸ್ಪ್ರಿಂಗ್‌ಟೇಲ್ ಎಂಬ ಕಿರುಜೀವಿಗಳನ್ನು ಅದು ಹಗಲು ಬೆಳಕಿನಲ್ಲೇ ನೋಡಿ ಹಿಡಿಯುತ್ತದೆ. ಲೊರಿಸೆರಾ ಅದೇ ಬೇಟೆಗೆ ಮೀಸೆಯ ಮೇಲಿನ ಬಿರುಗೂದಲುಗಳನ್ನು ಬಲೆಯಾಗಿ ಬಳಸುತ್ತದೆ. ಅಮಾರಾ, ಹಾರ್ಪಲಸ್ ಗುಂಪಿನ ಬಹಳಷ್ಟು ಜೀರುಂಡೆಗಳು ಬೇಟೆಗಿಂತ ಹುಲ್ಲು, ಕಳೆಗಿಡಗಳ ಬೀಜಗಳನ್ನೇ ಹೆಚ್ಚು ನೆಚ್ಚಿಕೊಂಡಿವೆ.

ಬ್ರಿಟನ್ನಿನ ಅತಿ ದೊಡ್ಡ ನೆಲಜೀರುಂಡೆ ಕ್ಯಾರಾಬಸ್ ಇಂಟ್ರಿಕೇಟಸ್‌ನ ಉದಾಹರಣೆ ನೋಡಿ. ಉದ್ದ 38 ಮಿಲಿಮೀಟರಿನವರೆಗೆ, ನೀಲಿ ಹೊಳಪಿನ ಮೈ. ಹಾರಲಾರದು. ಪಾಚಿ ಹತ್ತಿದ ಹಳೆಯ ಓಕ್ ಮರಗಳನ್ನು ರಾತ್ರಿ ಹತ್ತಿ, ಕಾಂಡದ ಮೇಲೆ ಹರಿದಾಡುವ ಚಿಪ್ಪಿಲ್ಲದ ಬಸವನಹುಳುಗಳನ್ನು ತಿನ್ನುತ್ತದೆ. ಆ ದೇಶದಲ್ಲಿ ಅಳಿದೇ ಹೋಗಿರಬೇಕು ಎಂದುಕೊಂಡಿದ್ದ ಈ ಜೀರುಂಡೆ 1994ರಲ್ಲಿ ಡಾರ್ಟ್‌ಮೂರ್ ಪ್ರದೇಶದ ತೇವದ ಓಕ್ ಕಾಡಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಹಳೆಯ ಮರ, ಪಾಚಿ, ಬಸವನಹುಳು, ತೇವ ನಾಲ್ಕೂ ಒಂದೆಡೆ ಇರುವ ಕಾಡು ಅದಕ್ಕೆ ಬೇಕು. ಒಂದು ತಪ್ಪಿದರೂ ಅದು ಅಲ್ಲಿಲ್ಲ.

ಗುಂಡಿಗೆ ಬಿದ್ದವುಗಳ ತೂಕ

ಇಂಥ ನಿಶಾಚರಿಗಳನ್ನು ಎಣಿಸುವುದು ಹೇಗೆ? ಉಪಾಯ ಸರಳ. ನೆಲದಲ್ಲಿ ಸಣ್ಣ ಗುಂಡಿ ತೋಡಿ ಪ್ಲಾಸ್ಟಿಕ್ ಲೋಟವೊಂದನ್ನು ಹೂಳುತ್ತಾರೆ. ಲೋಟದ ಬಾಯಿ ನೆಲಕ್ಕೆ ಸಮನಾಗಿರಬೇಕು. ಕೂದಲೆಳೆಯಷ್ಟು ಮೇಲಿದ್ದರೂ ಸಣ್ಣ ಹುಳುಗಳು ಸುತ್ತಿ ಹೋಗಿಬಿಡುತ್ತವೆ. ತಳದಲ್ಲಿ ಹುಳು ಕೊಳೆಯದಂತೆ ಒಂದಿಷ್ಟು ಗ್ಲೈಕಾಲ್ ಅಥವಾ ಉಪ್ಪುನೀರು, ಮಳೆ ಬೀಳದಂತೆ ಮೇಲೊಂದು ಪುಟ್ಟ ಚಾವಣಿ. ಓಡಾಡುವ ಜೀರುಂಡೆ ಮುಗ್ಗರಿಸಿ ಒಳಗೆ ಬೀಳುತ್ತದೆ. ಎರಡು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಂದು ಲೋಟ ಖಾಲಿ ಮಾಡಿ, ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಗುರುತಿಸುತ್ತಾರೆ. ಹೆಚ್ಚು ಓಡಾಡುವ ಹುಳು ಹೆಚ್ಚು ಬೀಳುತ್ತದೆ ಎಂಬುದು ಈ ವಿಧಾನದ ಕೊರತೆ. ಹಾಗಿದ್ದರೂ ಅಗ್ಗ, ಸುಲಭ, ಎಲ್ಲ ಕಡೆಯೂ ಒಂದೇ ರೀತಿ ಮಾಡಬಹುದಾದದ್ದು. ಆದ್ದರಿಂದಲೇ ಕಾಡಿನ ಕೀಟಗಳಲ್ಲಿ ನೆಲಜೀರುಂಡೆಗಳಷ್ಟು ಚೆನ್ನಾಗಿ ಲೆಕ್ಕಕ್ಕೆ ಸಿಕ್ಕ ಗುಂಪುಗಳು ಕಡಿಮೆ.

ಷಿಷ್ಕೊ ಅವರು ಈ ಲೆಕ್ಕಕ್ಕೆ ತೂಕವನ್ನು ಸೇರಿಸಿದರು. ಗುಂಡಿಗೆ ಬಿದ್ದ ಎಲ್ಲ ನೆಲಜೀರುಂಡೆಗಳ ಒಟ್ಟು ತೂಕವನ್ನು ಅವುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಜೀರುಂಡೆಯ ಸರಾಸರಿ ತೂಕ ಬರುತ್ತದೆ. ಪ್ರತಿಯೊಂದನ್ನೂ ತಕ್ಕಡಿಗೆ ಹಾಕಬೇಕಿಲ್ಲ. ಉದ್ದ ಗೊತ್ತಿದ್ದರೆ ಸಾಕು, ತೂಕ ತಿಳಿಯುವ ಸೂತ್ರವನ್ನೂ ಅವರು ಕೊಟ್ಟಿದ್ದಾರೆ. ಆ ಸೂತ್ರದಂತೆ 6 ಮಿಲಿಮೀಟರ್ ಉದ್ದದ ಜೀರುಂಡೆ ಸುಮಾರು 13 ಮಿಲಿಗ್ರಾಂ ತೂಗುತ್ತದೆ, 10 ಮಿಲಿಮೀಟರಿನದು 48, 25 ಮಿಲಿಮೀಟರಿನದು ಸುಮಾರು 500 ಮಿಲಿಗ್ರಾಂ. ಉದ್ದ ನಾಲ್ಕು ಪಟ್ಟಿಗಿಂತ ತುಸು ಹೆಚ್ಚಾದರೆ ತೂಕ ನಲವತ್ತು ಪಟ್ಟಿನ ಹತ್ತಿರ ಹೋಗುತ್ತದೆ.

ಈಗ ಲೆಕ್ಕ ಹಾಕೋಣ. ಒಂದು ಜಾಗದಲ್ಲಿ 100 ಜೀರುಂಡೆ ಸಿಕ್ಕವು ಎಂದುಕೊಳ್ಳಿ. 90 ಸಣ್ಣವು, 6 ಮಿಲಿಮೀಟರಿನವು. 10 ದೊಡ್ಡವು, 25 ಮಿಲಿಮೀಟರಿನವು. ಸರಾಸರಿ ತೂಕ ಸುಮಾರು 60 ಮಿಲಿಗ್ರಾಂ ಬರುತ್ತದೆ. ಇನ್ನೊಂದು ಜಾಗದಲ್ಲಿ 40 ಸಣ್ಣವು, 60 ದೊಡ್ಡವು. ಅಲ್ಲಿ ಸರಾಸರಿ 300 ಮಿಲಿಗ್ರಾಂ ದಾಟುತ್ತದೆ. ಎರಡೂ ಕಡೆ ಸಿಕ್ಕಿದ್ದು ನೂರೇ ಹುಳು. ಆದರೆ ಮೊದಲನೆಯದು ಹೊಸದಾಗಿ ಮರ ಕಡಿದು ಸಸಿ ನೆಟ್ಟ ಜಾಗ ಇರಬಹುದು, ಎರಡನೆಯದು ವಯಸ್ಸಾದ ಕಾಡು ಇರಬಹುದು ಎಂದು ಅನುಭವಿಗಳು ಕಾಗದ ನೋಡಿಯೇ ಹೇಳುತ್ತಾರೆ. ಕಾಡು ಬೆಳೆದಂತೆಲ್ಲ ಈ ಸರಾಸರಿ ಏರುತ್ತ ಹೋಗುತ್ತದೆ, ಕಡಿದೊಡನೆ ಕುಸಿಯುತ್ತದೆ. ಸರಾಸರಿ ತೂಕದ ವಿಧಾನದ ತಿರುಳು ಇಷ್ಟೆ.

ಹೆಚ್ಚಿದ ಸಂಖ್ಯೆಯ ಮೋಸ

ತೂಕವೇ ಏಕೆ ಬೇಕು, ಎಷ್ಟು ಬಗೆಯ ಜೀರುಂಡೆಗಳಿವೆ ಎಂದು ಎಣಿಸಿದರೆ ಸಾಲದೆ? ಸಾಲದು. ಏಕೆಂದರೆ ಕಾಡು ಕಡಿದ ಮೇಲೆ ಬಗೆಗಳ ಸಂಖ್ಯೆ ಎಷ್ಟೋ ಸಲ ಹೆಚ್ಚುತ್ತದೆ.

ಯಾರಿ ನಿಯೆಮೆಲಾ, ಡೇವಿಡ್ ಲ್ಯಾಂಗರ್, ಜಾನ್ ಸ್ಪೆನ್ಸ್ ಎಂಬ ವಿಜ್ಞಾನಿಗಳು ಪಶ್ಚಿಮ ಕೆನಡಾದ ಕಾಡುಗಳಲ್ಲಿ ಗುಂಡಿ ಹೂಳಿ ಪಡೆದ ಫಲಿತಾಂಶವನ್ನು 1993ರಲ್ಲಿ ಪ್ರಕಟಿಸಿದರು. ಒಂದೂ ಮರ ಬಿಡದೆ ಕಡಿದು ಮತ್ತೆ ಬೆಳೆಯಲು ಬಿಟ್ಟ ಜಾಗಗಳನ್ನು ಅವರು ಬಲಿತ ಕಾಡಿನ ಜತೆ ಹೋಲಿಸಿ ನೋಡಿದ್ದರು. ಎಳೆಯ ಜಾಗಗಳಲ್ಲೇ ವೈವಿಧ್ಯ ಹೆಚ್ಚಿತ್ತು. ಫಿನ್ಲೆಂಡಿನಲ್ಲಿ ಮ್ಯಾಟಿ ಕೊಯಿವುಲಾ ಮತ್ತು ಸಂಗಡಿಗರು ಸ್ಪ್ರೂಸ್ ಕಾಡುಗಳಲ್ಲಿ ಮಾಡಿದ ಅಧ್ಯಯನಗಳಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ. ಬರೀ ಸಂಖ್ಯೆಯನ್ನು ಮುಂದಿಟ್ಟುಕೊಂಡರೆ, ಮರ ಕಡಿಯುವುದು ಜೀವವೈವಿಧ್ಯಕ್ಕೆ ಒಳ್ಳೆಯದು ಎಂದು ವಾದಿಸಬಹುದು. ಹಾಗೆ ವಾದಿಸಿದವರಿಗೂ ಕೊರತೆಯಿಲ್ಲ.

ಹೆಸರುಗಳ ಪಟ್ಟಿ ಬಿಡಿಸಿ ನೋಡಿದಾಗ ಒಳಗುಟ್ಟು ರಟ್ಟಾಗುತ್ತದೆ. ಕಡಿದ ಜಾಗಕ್ಕೆ ಬಿಸಿಲು, ಹುಲ್ಲು ಬಂದೊಡನೆ ಬಯಲಿನ ಜೀರುಂಡೆಗಳು ಗುಂಪುಗುಂಪಾಗಿ ಬಂದಿಳಿಯುತ್ತವೆ. ಹೊಲದ ಬದು, ರಸ್ತೆಯ ಅಂಚು, ಹುಲ್ಲುಗಾವಲುಗಳಲ್ಲಿ ಎಲ್ಲೆಂದರಲ್ಲಿ ಸಿಗುವ ಪ್ರಭೇದಗಳು ಅವು. ಎಲ್ಲಿದ್ದರೂ ಹೊಂದಿಕೊಳ್ಳುವ ಕೆಲವು ಕಾಡಿನ ಜೀರುಂಡೆಗಳು ಹೇಗೋ ಉಳಿದುಕೊಳ್ಳುತ್ತವೆ. ಬಲಿತ ಕಾಡಿಗೇ ಒಗ್ಗಿಕೊಂಡ ಹಳೆಯ ಒಕ್ಕಲು ಮಾತ್ರ ಒಂದೊಂದಾಗಿ ಕಾಣೆಯಾಗುತ್ತದೆ. ಹತ್ತು ಹೋಗಿ ಇಪ್ಪತ್ತು ಬಂದರೆ ಅಂಕಿ ಬೆಳೆಯಿತು ನಿಜ. ಆದರೆ ಬಂದ ಇಪ್ಪತ್ತಕ್ಕೆ ಊರೆಲ್ಲ ನೆಲೆ. ಹೋದ ಹತ್ತಕ್ಕೆ ಅದೊಂದೇ ನೆಲೆ. ಎಷ್ಟು ಬಗೆ ಇವೆ ಎಂಬ ಪ್ರಶ್ನೆಗಿಂತ ಯಾವ ಬಗೆಯವು ಇವೆ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯ.

ರೆಕ್ಕೆ ಇರುವುದು, ಇಲ್ಲದಿರುವುದು

ಹಾಗಾಗಿ ವಿಜ್ಞಾನಿಗಳು ಈಗ ಹೆಸರುಗಳ ಜತೆಗೆ ಗುಣಲಕ್ಷಣಗಳನ್ನೂ ದಾಖಲಿಸುತ್ತಾರೆ. ಮೈ ಎಷ್ಟು ದೊಡ್ಡದು, ಹಾರಬಲ್ಲದೆ, ತಿನ್ನುವುದೇನು, ಮೊಟ್ಟೆಯಿಡುವುದು ಯಾವಾಗ, ಆಯುಷ್ಯ ಎಷ್ಟು ಎಂದು ಒಂದೊಂದು ಪ್ರಭೇದಕ್ಕೂ ಬರೆದಿಟ್ಟುಕೊಂಡು, ಯಾವ ಗುಣದವು ಉಳಿದವು, ಯಾವ ಗುಣದವು ಹೋದವು ಎಂದು ನೋಡುತ್ತಾರೆ. ಇಗ್ನಾಸಿಯೊ ರಿಬೆರಾ ಮತ್ತು ಜತೆಗಾರರು ಸ್ಕಾಟ್ಲೆಂಡಿನ 87 ಜಾಗಗಳ ನೆಲಜೀರುಂಡೆಗಳ ಗುಣಗಳನ್ನು ಹೀಗೆ ಹೋಲಿಸಿ 2001ರಲ್ಲಿ ಬರೆದ ಲೇಖನ ಈ ದಾರಿಯಲ್ಲಿ ಒಂದು ಮೈಲಿಗಲ್ಲು. ನೆಲವನ್ನು ಕೆದಕುವುದು ಹೆಚ್ಚಿದಷ್ಟೂ ದೊಡ್ಡ ಮೈಯ, ಹಾರಲಾರದ ಜೀರುಂಡೆಗಳು ಹಿಂದೆ ಸರಿಯುತ್ತವೆ.

ಎಲ್ಲಕ್ಕಿಂತ ಸ್ವಾರಸ್ಯದ ಗುಣ ರೆಕ್ಕೆ. ಜೀರುಂಡೆಯ ಬೆನ್ನ ಮೇಲಿನ ಗಟ್ಟಿ ಹೊದಿಕೆಯ ಕೆಳಗೆ ಹಾರುವ ತೆಳು ರೆಕ್ಕೆಗಳಿರಬೇಕು. ಆದರೆ ಕಾಡಿನ ಬಹಳಷ್ಟು ನೆಲಜೀರುಂಡೆಗಳಲ್ಲಿ ಅಲ್ಲಿರುವುದು ಮೊಂಡು ತುಣುಕು ಮಾತ್ರ. ಕ್ಯಾರಾಬಸ್ ಕುಲದ ಹೆಚ್ಚಿನವು ಹಾರಲಾರವು. ಹಾರುವ ರೆಕ್ಕೆಗೂ ಅದನ್ನು ಬಡಿಯುವ ಸ್ನಾಯುವಿಗೂ ದೇಹ ಖರ್ಚು ಮಾಡಬೇಕು. ನೂರಾರು ವರ್ಷ ಬದಲಾಗದೆ ನಿಂತ ಕಾಡಿನಲ್ಲಿ ಹಾರಿ ಹೋಗುವ ದರ್ದೇ ಇಲ್ಲ. ಉಳಿಸಿದ ಕಸುವು ಬೇರೆ ಕೆಲಸಕ್ಕೆ ಬರುತ್ತದೆ. ಇಂದು ಇದ್ದು ನಾಳೆ ಇಲ್ಲವಾಗುವ ಹೊಳೆದಂಡೆ, ಹೊಲ, ಬಯಲುಗಳಲ್ಲಿ ಬದುಕುವವಕ್ಕೆ ರೆಕ್ಕೆಯೇ ಆಸರೆ.

ಈ ವಿಚಾರಕ್ಕೆ ಹಳೆಯ ಇತಿಹಾಸವಿದೆ. ಮಡೀರಾ ದ್ವೀಪದಲ್ಲಿ ಗೊತ್ತಿದ್ದ 550 ಬಗೆಯ ಜೀರುಂಡೆಗಳಲ್ಲಿ 200 ಹಾರಲಾರದವು ಎಂಬುದನ್ನು ಚಾರ್ಲ್ಸ್ ಡಾರ್ವಿನ್ ತಮ್ಮ ಪ್ರಸಿದ್ಧ ಕೃತಿಯಲ್ಲಿ ಎತ್ತಿ ಹೇಳಿದ್ದರು. ಹಾರಿದವು ಗಾಳಿಗೆ ಸಿಕ್ಕಿ ಸಮುದ್ರದ ಪಾಲಾಗುತ್ತವೆ ಎಂಬುದು ಅವರ ವಿವರಣೆ. ಸ್ವೀಡನ್ನಿನ ಕಾರ್ಲ್ ಲಿಂಡ್ರೋತ್ 1940ರ ದಶಕದಲ್ಲಿ ಟೆರಾಸ್ಟಿಕಸ್ ಆಂತ್ರಸೈನಸ್ ಎಂಬ ಜೀರುಂಡೆಯ ಉದ್ದ ರೆಕ್ಕೆಯವನ್ನೂ ಗಿಡ್ಡ ರೆಕ್ಕೆಯವನ್ನೂ ಕೂಡಿಸಿ ಮರಿ ಮಾಡಿಸಿ, ರೆಕ್ಕೆಯ ಅಳತೆ ವಂಶವಾಹಿಯಾಗಿ ಬರುತ್ತದೆ, ಗಿಡ್ಡ ರೆಕ್ಕೆಯೇ ಪ್ರಬಲ ಗುಣ ಎಂದು ತೋರಿಸಿದರು. ನೆದರ್‌ಲ್ಯಾಂಡ್ಸ್‌ನ ಪೀಟ್ ಡೆನ್ ಬೂರ್ ವೈಸ್ಟರ್ ಎಂಬಲ್ಲಿ 1959ರಿಂದ ಗುಂಡಿ ಹೂಳಿ, ಹಾರುವವನ್ನು ಹಿಡಿಯಲು ಗಾಜಿನ ಬಲೆಗಳನ್ನೂ ಕಟ್ಟಿ, ಹಾರಲಾರದವು ಒಂದು ತುಂಡು ನೆಲದಿಂದ ಒಮ್ಮೆ ಅಳಿದರೆ ಅಲ್ಲಿಗೆ ಮರಳುವುದು ಎಷ್ಟು ದುಸ್ತರ ಎಂಬುದನ್ನು ವರ್ಷಾನುಗಟ್ಟಲೆ ದಾಖಲಿಸಿದರು. ಟೆರಾಸ್ಟಿಕಸ್ ಮೆಲನೇರಿಯಸ್ ಎಂಬ ಯುರೋಪಿನ ಜೀರುಂಡೆ ಕೆನಡಾಕ್ಕೆ ವಲಸೆ ಬಂದು ಹರಡುತ್ತಿದೆ. ಅದರಲ್ಲಿ ಎರಡೂ ಬಗೆಯ ರೆಕ್ಕೆಗಳಿವೆ. ಹೊಸದಾಗಿ ಕಾಲಿಟ್ಟ ಜಾಗಗಳಲ್ಲಿ ಉದ್ದ ರೆಕ್ಕೆಯವೇ ಹೆಚ್ಚು. ನೆಲೆ ನಿಂತು ಹಳತಾದ ಜಾಗಗಳಲ್ಲಿ ಗಿಡ್ಡ ರೆಕ್ಕೆಯವುಗಳ ಪಾಲು ಏರುತ್ತದೆ.

ಸಂತಾನದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ದೊಡ್ಡ ಕ್ಯಾರಾಬಸ್‌ಗಳು ಎರಡು ಮೂರು ವರ್ಷ ಬದುಕುತ್ತವೆ, ಕಡಿಮೆ ಮೊಟ್ಟೆ ಇಡುತ್ತವೆ. ಏಬಾಕ್ಸ್ ಪ್ಯಾರಲೆಲಸ್ ಎಂಬ ಕಾಡಿನ ಜೀರುಂಡೆಯ ತಾಯಿಯಂತೂ ಮೊಟ್ಟೆಗಳ ಬಳಿ ಕಾವಲು ಕೂರುತ್ತದೆ. ಬಯಲಿನ ಸಣ್ಣ ಜೀರುಂಡೆಗಳದು ಬೇಗ ಬೆಳೆದು ಬೇಗ ಮರಿ ಮಾಡಿ ಮುಂದೆ ಸಾಗುವ ಬದುಕು. ಒಂದು ವರ್ಷ ಕೆಟ್ಟರೆ ಇವು ಮರುವರ್ಷ ಎದ್ದು ನಿಲ್ಲುತ್ತವೆ, ಅವು ನಿಲ್ಲುವುದಿಲ್ಲ.

ನೆರಳು ಹೋದ ಮೇಲೆ

ಗರಗಸದ ಯಂತ್ರ ಜೀರುಂಡೆಯನ್ನು ಕೊಲ್ಲುವುದಿಲ್ಲ. ಅದು ಮಾಡುವ ಹಾನಿ ಬೇರೆ ಬಗೆಯದು. ಮರಗಳ ತಲೆ ಹೋದರೆ ನೆಲಕ್ಕೆ ನೇರ ಬಿಸಿಲು. ಹಗಲು ಕಾವೇರುತ್ತದೆ, ರಾತ್ರಿ ಥಂಡಿ ಹಿಡಿಯುತ್ತದೆ. ತರಗು ಒಣಗುತ್ತದೆ, ಪಾಚಿ ಸಾಯುತ್ತದೆ, ಹುಲ್ಲು ನುಗ್ಗುತ್ತದೆ. ಬಸವನಹುಳು, ಎರೆಹುಳು ಆಳಕ್ಕೆ ಇಳಿಯುತ್ತವೆ ಅಥವಾ ಕಮ್ಮಿಯಾಗುತ್ತವೆ. ಮೆತ್ತನೆ ಮೈಯ ಮರಿಹುಳುವಿಗೆ ಬದುಕಲು ಬೇಕಾದ ತೇವ ಇಲ್ಲವಾಗುತ್ತದೆ. ಭಾರದ ಯಂತ್ರ ಓಡಾಡಿದಲ್ಲಿ ಮಣ್ಣು ಗಟ್ಟಿಯಾಗಿ ಅದರ ಬಿಲದ ದಾರಿಯೂ ಮುಚ್ಚುತ್ತದೆ. ಕೊಳೆತ ದಿಮ್ಮಿ, ಹಳೆಯ ಬುಡಗಳನ್ನು ಕಿತ್ತೊಯ್ದರೆ ಚಳಿಗಾಲದಲ್ಲಿ ಬೆಚ್ಚಗೆ ಅಡಗುವ ಜಾಗವೂ ಹೋಯಿತು. ಕ್ಯಾರಾಬಸ್‌ಗಳು ಹಿಮದ ತಿಂಗಳುಗಳನ್ನು ಕಳೆಯುವುದು ಹೆಚ್ಚಾಗಿ ಇಂಥ ಕೊಳೆತ ಮರದೊಳಗೇ.

ಮರ ಸಾಗಿಸಲು ಮಾಡಿದ ರಸ್ತೆ ಇನ್ನೊಂದು ಕಂಟಕ. ಹಾನ್ಸ್ ಯೋವಾಕಿಮ್ ಮಾಡರ್ ಎಂಬ ಜರ್ಮನ್ ವಿಜ್ಞಾನಿ ಕಾಡಿನ ಜೀರುಂಡೆಗಳ ಬೆನ್ನಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ನೋಡಿದ ಫಲಿತಾಂಶ 1984ರಲ್ಲಿ ಪ್ರಕಟವಾಯಿತು. ಹಾರಲಾರದ ಏಬಾಕ್ಸ್ ಜೀರುಂಡೆಗಳು ರಸ್ತೆ ದಾಟಿ ಆಚೆ ಹೋದದ್ದು ತೀರ ಅಪರೂಪ. ನಮ್ಮ ಕಣ್ಣಿಗೆ ಒಂದೇ ಕಾಡು. ರಸ್ತೆಯ ಈಚೆಯ ಜೀರುಂಡೆಗೆ ಆಚೆಯದು ಬೇರೆ ದೇಶ.

ಮರಳಲು ಎಷ್ಟು ವರ್ಷ?

ಸಸಿ ನೆಟ್ಟರೆ ಕಾಡು ಬರುತ್ತದಲ್ಲ, ಜೀರುಂಡೆಗಳೂ ಬಾರವೆ? ಫಿನ್ಲೆಂಡಿನ ಅಧ್ಯಯನಗಳ ಪ್ರಕಾರ ಕಡಿದು ಸುಮಾರು 20ರಿಂದ 30 ವರ್ಷಕ್ಕೆ ಎಳೆಯ ಮರಗಳ ತಲೆ ಕೂಡಿ ನೆರಳಾದಾಗ ಬಯಲಿನ ಜೀರುಂಡೆಗಳು ಜಾಗ ಖಾಲಿ ಮಾಡುತ್ತವೆ. ಕಾಡಿನ ಸಾಮಾನ್ಯ ಪ್ರಭೇದಗಳು ಮರಳುತ್ತವೆ. ಹಳೆಯ ಕಾಡನ್ನೇ ನೆಚ್ಚಿದವು ಮಾತ್ರ ಹಿಂದೆ ಬೀಳುತ್ತವೆ. ಉತ್ತರ ಹಂಗರಿಯಲ್ಲಿ ಬೀಚ್ ಕಾಡು ಕಡಿದು ಸ್ಪ್ರೂಸ್ ನೆಟ್ಟ ತೋಪುಗಳನ್ನು ತಿಬೋರ್ ಮಗುರಾ ಮತ್ತು ಸಂಗಡಿಗರು ಅಭ್ಯಾಸ ಮಾಡಿದ್ದಾರೆ. ತೋಪಿಗೆ 50 ವರ್ಷ ತುಂಬಿದರೂ ಮೂಲ ಬೀಚ್ ಕಾಡಿನ ಜೀರುಂಡೆ ಸಮುದಾಯ ಅಲ್ಲಿಗೆ ಪೂರ್ತಿ ಮರಳಿರಲಿಲ್ಲ.

ವಾಯವ್ಯ ಜರ್ಮನಿಯಲ್ಲಿ ತೋರ್ಸ್ಟೆನ್ ಅಸ್ಮಾನ್ ಇನ್ನೂ ಹಿಂದಕ್ಕೆ ಹೋಗಿ ನೋಡಿದರು. ಶತಮಾನಗಳಿಂದ ಕಾಡಾಗಿಯೇ ಉಳಿದ ಜಾಗಗಳು ಒಂದೆಡೆ, ಬಯಲಾಗಿದ್ದು ಈಚೆಗೆ ಮರ ಬೆಳೆಸಿದ ಜಾಗಗಳು ಇನ್ನೊಂದೆಡೆ. ಕ್ಯಾರಾಬಸ್ ಗ್ಲೇಬ್ರೇಟಸ್, ಮೊಟ್ಟೆ ಕಾಯುವ ಏಬಾಕ್ಸ್ ಪ್ಯಾರಲೆಲಸ್ ಮುಂತಾದವು ಹಳೆಯ ಕಾಡುಗಳಿಗೇ ಅಂಟಿಕೊಂಡಿದ್ದವು. ಹೊಸ ಕಾಡಿನಲ್ಲಿ ಮರ, ನೆರಳು, ತೇವ ಎಲ್ಲ ಇದ್ದರೂ ನಡೆದೇ ತಲುಪಬೇಕಾದ ಜೀವಿಗೆ ಹಾದಿ ಸವೆಯುವುದಿಲ್ಲ. ನೆಟ್ಟ ಮರ ಕಾಡಾಗಲು ಮರ ಬೆಳೆದರಷ್ಟೇ ಸಾಲದು, ಹಳೆಯ ಕಾಡಿನ ತುಣುಕು ಅದಕ್ಕೆ ತಾಗಿಕೊಂಡಿರಬೇಕು.

ಎಷ್ಟು ಬಿಟ್ಟರೆ ಉಳಿದೀತು?

ಮರ ಬೇಡ ಎನ್ನುವ ಸಮಾಜ ಯಾವುದೂ ಇಲ್ಲ. ಹಾಗಾಗಿ ಕಡಿಯಬೇಕೆ ಬೇಡವೆ ಎಂಬುದಕ್ಕಿಂತ ಹೇಗೆ ಕಡಿಯಬೇಕು ಎಂಬುದು ಅರಣ್ಯಾಧಿಕಾರಿಗಳಿಗೆ ಉಪಯೋಗದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಪೀಸ್ ರಿವರ್ ಬಳಿ ಎಮೆಂಡ್ ಎಂಬ ದೊಡ್ಡ ಪ್ರಯೋಗ ನಡೆಯುತ್ತಿದೆ. 1998-99ರ ಚಳಿಗಾಲದಲ್ಲಿ ಅಲ್ಲಿನ ಆಸ್ಪೆನ್, ಸ್ಪ್ರೂಸ್ ಕಾಡನ್ನು ಸುಮಾರು 10 ಹೆಕ್ಟೇರಿನ ತಾಕುಗಳಾಗಿ ವಿಂಗಡಿಸಿ, ಕೆಲವು ಕಡೆ ಎಲ್ಲ ಮರ ಕಡಿದರು. ಉಳಿದೆಡೆ ನೂರಕ್ಕೆ 10, 20, 50, 75 ಹೀಗೆ ಮರ ಬಿಟ್ಟರು. ಕೆಲವನ್ನು ಮುಟ್ಟಲೇ ಇಲ್ಲ. ಒಂದು ಮರದ ಆಯುಷ್ಯದಷ್ಟು ಕಾಲ ನಡೆಯಬೇಕೆಂದು ಹೂಡಿದ ಪ್ರಯೋಗವಿದು.

ನೆಲಜೀರುಂಡೆಗಳ ಮಟ್ಟಿಗೆ ಬಂದ ಉತ್ತರ ಅರಣ್ಯ ಇಲಾಖೆಗಳಿಗೆ ಹಿತವಾದುದಲ್ಲ. ಟಿಮೊತಿ ವರ್ಕ್ ಮತ್ತು ಜತೆಗಾರರು 2010ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮುಟ್ಟದ ಕಾಡಿನ ಜೀರುಂಡೆ ಸಮುದಾಯ ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಮರ ನಿಂತಿರಬೇಕು. ಅಲ್ಲೊಂದು ಇಲ್ಲೊಂದು ಮರ ಬಿಟ್ಟು, ಪರಿಸರಸ್ನೇಹಿ ಕಡಿತ ಎಂದು ಕರೆದುಕೊಂಡರೆ ಜೀರುಂಡೆ ನಂಬುವುದಿಲ್ಲ. ಫಿನ್ಲೆಂಡಿನ ಪ್ರಯೋಗಗಳಲ್ಲಿ ಶೇಕಡಾ ಹತ್ತರಿಂದ ಮೂವತ್ತು ಮರಗಳನ್ನು ಮಾತ್ರ ಆರಿಸಿ ತೆಗೆದಾಗ ಕಾಡಿನ ಜೀರುಂಡೆಗಳು ಬಹಳ ಮಟ್ಟಿಗೆ ಹಾಗೇ ಉಳಿದವು. ಎಲ್ಲ ವಯಸ್ಸಿನ ಮರಗಳನ್ನು ಒಟ್ಟಿಗೆ ಬೆಳೆಸಿ, ಕಾಡಿನ ನೆರಳು ಎಂದೂ ಬರಿದಾಗದಂತೆ ಕಡಿಯುವ ಪದ್ಧತಿಗೆ ಆ ದೇಶದ ಅರಣ್ಯ ಕಾನೂನು 2014ರಿಂದ ಅವಕಾಶ ಕೊಟ್ಟಿದೆ.

ಹಾಗೆಂದು ಎಲ್ಲ ಅಡಚಣೆಯೂ ಕೇಡಲ್ಲ. ಉತ್ತರ ಯುರೋಪಿನ ಸೆರಿಕೋಡಾ ಕ್ವಾಡ್ರಿಪಂಕ್ಟೇಟಾ ಎಂಬ ಪುಟ್ಟ ಜೀರುಂಡೆಗೆ ಬೆಂಕಿ ಬಿದ್ದ ಕಾಡೇ ಬೇಕು. ಉರಿದು ಕಪ್ಪಾದ ನೆಲವನ್ನು ಹುಡುಕಿ ಹಾರಿಬರುತ್ತದೆ, ಅಲ್ಲೇ ಸಂಸಾರ ಹೂಡುತ್ತದೆ. ಅರಣ್ಯ ಇಲಾಖೆಗಳು ಬೆಂಕಿಯನ್ನು ಸಂಪೂರ್ಣ ಹತೋಟಿಗೆ ತಂದದ್ದರಿಂದ ಇಂಥ ಪ್ರಭೇದಗಳು ವಿರಳವಾದವು. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಈಗ ಉದ್ದೇಶಪೂರ್ವಕವಾಗಿ, ಮಿತಿಯೊಳಗೆ ಕಾಡು ಸುಡುವುದೂ ಉಂಟು. ಬೆಂಕಿ ಸುಟ್ಟ ಮರವನ್ನು ಅಲ್ಲೇ ಬಿಡುತ್ತದೆ, ಬಿರುಗಾಳಿ ಕೆಡವಿದ ಮರವನ್ನು ಅಲ್ಲೇ ಬಿಡುತ್ತದೆ. ಲಾರಿ ಮಾತ್ರ ಹೊತ್ತೊಯ್ಯುತ್ತದೆ. ಬಿಯಾವೊವಿಯೆಜಾದ ತಕರಾರಿನ ಬೇರೂ ಇಲ್ಲಿದೆ. ತೊಗಟೆ ಕೊರೆಯುವ ಹುಳು ಸಾಯಿಸಿದ ಸ್ಪ್ರೂಸ್ ಅಲ್ಲೇ ನಿಂತು, ಬಿದ್ದು, ಕೊಳೆತರೆ ನೂರಾರು ಜೀವಿಗಳಿಗೆ ಮನೆ. ಕಡಿದು ಸಾಗಿಸಿದರೆ ಆ ಹುಳುವಿನ ಜತೆ ಉಳಿದವೂ ಹೋದವು.

ನಮ್ಮ ತೋಪುಗಳ ಕೆಳಗೆ

ನೆಲಜೀರುಂಡೆಗಳು ನಮಗೆ ಹೊಸಬರಲ್ಲ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಕಪ್ಪು ಮೈಯ ಮೇಲೆ ಆರು ಬಿಳಿ ಚುಕ್ಕೆ ಹೊತ್ತು ಗತ್ತಿನಿಂದ ಓಡಾಡುವ ಸುಮಾರು 4 ಸೆಂಟಿಮೀಟರಿನ ಆಂತಿಯಾ ಸೆಕ್ಸ್‌ಗಟ್ಟೇಟಾವನ್ನು ಕಂಡವರಿದ್ದಾರೆ. ಕೆಣಕಿದರೆ ಉರಿಯುವ ಆಮ್ಲ ಚಿಮ್ಮಿಸುವ ಇದಕ್ಕೂ ಹಾರಲು ಬಾರದು. ಕಲ್ಲು ಮಗುಚಿದಾಗ ಟಪ್ಪೆಂದು ಸಿಡಿದು, ಕುದಿಯುವಷ್ಟು ಬಿಸಿಯ ರಾಸಾಯನಿಕವನ್ನು ಹಿಂಬದಿಯಿಂದ ಉಗುಳುವ ಫೆರೊಪ್ಸೋಫಸ್ ಕೂಡ ಇದೇ ಕುಟುಂಬದ್ದು. ಭಾರತದ ನೆಲಜೀರುಂಡೆಗಳ ಬಗ್ಗೆ ಎಚ್. ಇ. ಆಂಡ್ರ್ಯೂಸ್ ಬರೆದ ಎರಡು ದೊಡ್ಡ ಸಂಪುಟಗಳು 1929 ಮತ್ತು 1935ರಲ್ಲೇ ಬಂದವು.

ಯುರೋಪಿನ ಅಂಕಿಗಳನ್ನು ತಂದು ಪಶ್ಚಿಮ ಘಟ್ಟಕ್ಕೆ ಹಚ್ಚಲಾಗದು. ಮಳೆ ಬೇರೆ, ಮರ ಬೇರೆ, ಜೀರುಂಡೆ ಬೇರೆ. ಆದರೆ ಪ್ರಶ್ನೆ ಕೇಳುವ ರೀತಿಯನ್ನು ಕಲಿಯಬಹುದು. ಮಲೆನಾಡಿನ ಅಕೇಶಿಯಾ, ತೇಗದ ನೆಡುತೋಪುಗಳು ಉಪಗ್ರಹದ ಚಿತ್ರದಲ್ಲಿ ಹಸಿರಾಗಿಯೇ ಕಾಣುತ್ತವೆ. ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ತಡೆದದ್ದು ಅಂತರ್ಜಲದ ಕಾಳಜಿಯಿಂದ. ತೋಪಿನ ನೆಲದ ಒಕ್ಕಲಿನ ವಿಚಾರ ಆ ಚರ್ಚೆಯ ನಡುವಿಗೆ ಬರಲಿಲ್ಲ. ಬೆಟ್ಟದ ದರಕನ್ನು ವರ್ಷವರ್ಷ ಗುಡಿಸಿ ತೋಟಕ್ಕೆ ಹೊರುವುದು, ಬಿದ್ದ ಮರವನ್ನು ಕಸವೆಂದು ಎತ್ತುವುದು, ಕಾಡಿನ ಮಧ್ಯೆ ಅಗಲದ ರಸ್ತೆ ಎಳೆಯುವುದು ಇವೆಲ್ಲ ಕಾಡಿನ ನಿರ್ವಹಣೆಯೇ. ಕೆಳಗೆ ಬದುಕುವವರ ಮೇಲೆ ಇವುಗಳ ಪರಿಣಾಮ ಮರದ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಕಾಡು ಎಂದರೆ ನಿಂತ ಮರಗಳ ಲೆಕ್ಕ ಎಂದು ನಾವು ಬಹಳ ಕಾಲ ನಂಬಿದೆವು. ಈಚೆಗೆ ಪ್ರಭೇದಗಳ ಲೆಕ್ಕವನ್ನೂ ಸೇರಿಸಿಕೊಂಡೆವು. ನೆಲಜೀರುಂಡೆಗಳ ಅಧ್ಯಯನ ಎರಡೂ ಸಾಲದು ಎನ್ನುತ್ತದೆ. ದೊಡ್ಡವು, ನಿಧಾನದವು, ಹಾರಲಾರದವು, ಬೇರೆಲ್ಲೂ ಹೋಗಲಾರದವು ಉಳಿದಿವೆಯೇ ಎಂಬುದೇ ಕಾಡು ಉಳಿದಿದೆಯೇ ಎಂಬುದರ ಪರೀಕ್ಷೆ. ಅದಕ್ಕೆ ಬೇಕಾದದ್ದು ದುಬಾರಿ ಯೋಜನೆಗಳಲ್ಲ. ಕಡಿಯುವುದಿದ್ದರೆ ಆರಿಸಿ ಕಡಿಯಿರಿ, ಅರ್ಧಕ್ಕಿಂತ ಹೆಚ್ಚು ಬಿಡಿ, ಹಳೆಯ ಕಾಡಿನ ತುಣುಕುಗಳಿಗೆ ಕೈ ಹಚ್ಚಬೇಡಿ. ಬಿದ್ದ ಮರ ಬಿದ್ದಲ್ಲೇ ಕೊಳೆಯಲಿ.